ಅಲೆ ಇಲ್ಲದ ಜಾಗ ನೋಡಿ ಇಳಿಯಬೇಡಿ

ನಾವು ಬಯಲುಸೀಮೆಯವರು. ಈಜು ಕಲಿತದ್ದು ಕೆರೆಯಲ್ಲಿ, ಬಾವಿಯಲ್ಲಿ. ನೀರು ಸುಮ್ಮನಿದ್ದರೆ ಇಳಿಯಬಹುದು, ಅಷ್ಟೇ ನಮಗಿದ್ದ ಲೆಕ್ಕ. ಸಮುದ್ರದ ಲೆಕ್ಕ ಬೇರೆ ಎಂದು ತಿಳಿದದ್ದು ಮಂಗಳೂರಿನಿಂದ ಉತ್ತರಕ್ಕೆ, ಮುಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ.

ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವುದು ಇಲ್ಲೇ. ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರುವ ಸರ್ಫಿಂಗ್ ಆಟಕ್ಕೆ ಈ ಜಾಗ ಹೆಸರುವಾಸಿ. 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ಇಲ್ಲಿ ನಡೆದಿತ್ತು.

ನಾವು ಹೋದ ದಿನ ಸರ್ಫಿಂಗ್ ಹುಡುಗರು ಬಂದ ಕೂಡಲೇ ನೀರಿಗೆ ಇಳಿಯಲಿಲ್ಲ. ಹಲಗೆ ಪಕ್ಕಕ್ಕಿಟ್ಟು ಸುಮಾರು ಹೊತ್ತು ಕಡಲನ್ನೇ ನೋಡುತ್ತಾ ಕೂತರು. ಏನು ನೋಡ್ತೀರಿ ಎಂದು ಕೇಳಿದೆವು. ಒಬ್ಬ ಬಿಡಿಸಿ ಹೇಳಿದ.

ಇಲ್ಲಿ ತಳದಲ್ಲಿರುವುದು ಮರಳು. ಮರಳು ದಿಬ್ಬವಾಗಿರುವ ಕಡೆ ಆಳ ಕಡಿಮೆ, ಅಲ್ಲಿ ಅಲೆ ಎದ್ದು ಒಡೆಯುತ್ತದೆ. ಪ್ರತಿ ಮಳೆಗಾಲಕ್ಕೂ ದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷ ಆಡಿದ ಜಾಗ ಈ ವರ್ಷವೂ ಹಾಗೇ ಇರುತ್ತದೆ ಅನ್ನುವಂತಿಲ್ಲ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸಿದರೆ ಅಲೆ ನಯವಾಗಿ ಏಳುತ್ತದೆ. ಮಧ್ಯಾಹ್ನ ಕಡಲ ಗಾಳಿ ಜೋರಾದರೆ ಅಲೆ ಕದಡಿಹೋಗುತ್ತದೆ.

ಆಮೇಲೆ ಎರಡು ಅಲೆಸಾಲುಗಳ ನಡುವಿನ ಶಾಂತ ಜಾಗವೊಂದನ್ನು ತೋರಿಸಿದ. ನಾವಾಗಿದ್ದರೆ ಅಲ್ಲೇ ಇಳಿಯುತ್ತಿದ್ದೆವು! ದಡಕ್ಕೆ ನುಗ್ಗಿದ ನೀರೆಲ್ಲ ವಾಪಸ್ ಹೋಗುವ ಕಾಲುವೆ ಅದು. ಸರ್ಫಿಂಗ್ ಮಾಡುವವರು ಬೇಗ ಒಳಗೆ ಹೋಗಲು ಬೇಕೆಂದೇ ಆ ದಾರಿ ಹಿಡಿಯುತ್ತಾರೆ. ಅವರ ಕಾಲಿಗೆ ಹಗ್ಗದಲ್ಲಿ ಕಟ್ಟಿದ ಹಲಗೆ ತೇಲುತ್ತದೆ. ನಮಗೆ ಏನಿದೆ?

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ನಮ್ಮ ಊರುಗಳಿಂದಲೂ ಪ್ರತಿ ಚಳಿಗಾಲ ಪ್ರವಾಸದ ಬಸ್ಸು ಕರಾವಳಿಗೆ ಹೊರಡುತ್ತದೆ.

ಹೋಗುವವರು ಇಷ್ಟು ಮಾಡಿ. ಇಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ನಿಂತು ನೋಡಿ. ಕೆಂಪು ಬಾವುಟವಿದ್ದರೆ ಇಳಿಯಲೇಬೇಡಿ. ಅಲ್ಲಿನ ಮೀನುಗಾರರನ್ನು, ಜೀವರಕ್ಷಕರನ್ನು ಕೇಳಿ. ಸೆಳೆತಕ್ಕೆ ಸಿಕ್ಕಿದರೆ ನೇರವಾಗಿ ದಡದ ಕಡೆ ಈಜಿ ಸುಸ್ತಾಗಬೇಡಿ. ಅಂಗಾತ ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ.

ಬಸ್ಸು ಹೊರಡುವ ಮುಂಚೆ ಮಕ್ಕಳಿಗೂ, ಮೇಷ್ಟ್ರಿಗೂ ಇದನ್ನು ಹೇಳಿ.