ಎರಡನೆಯ ರುಜು

ಸರಕಾರಿ ಕಚೇರಿಯ ಗುಮಾಸ್ತರನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ತಾತ್ಸಾರ. ‘ಸ್ವಾಮಿ, ಈ ಕಾಗದಕ್ಕೆ ಇನ್ನೊಬ್ಬರ ರುಜು ಬೇಕಾಗುತ್ತದೆ’ ಎಂದು ನಾವು ಹೇಳಿದೆವೋ ಇಲ್ಲವೋ, ಎದುರಿಗೆ ನಿಂತವರ ಮುಖ ಹುಳ್ಳಗಾಗುತ್ತದೆ. ‘ಇವರಿಗೆ ಬೇರೆ ಕೆಲಸವಿಲ್ಲ’ ಎಂದು ಗೊಣಗಿಕೊಂಡೇ ಅವರು ಮೆಟ್ಟಿಲಿಳಿಯುತ್ತಾರೆ. ಬಿ.ಎ. ಪಾಸು ಮಾಡಿ, ಹತ್ತು ವರುಷಗಳಿಂದ ಕಡತಗಳ ನಡುವೆಯೇ ಬಾಳುತ್ತಿರುವ ನಮಗೆ ಈ ಗೊಣಗಾಟ ಜೋಗುಳದಷ್ಟು ಪರಿಚಿತ. ಆದರೆ ಕೆಲವು ಸಂಗತಿಗಳನ್ನು ಓದಿ, ಒಂದನ್ನು ಕಣ್ಣಾರೆ ಕಂಡ ಮೇಲೆ, ಈ ಎರಡನೆಯ ರುಜುವಿನ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ. ವಾಚಕರು ಬೇಸರಿಸದೆ ಕೇಳಬೇಕು.

ನಾವಿರುವುದು ವಿಜಯವಾಡದಲ್ಲಿ, ಬೆಂಜ್ ಸರ್ಕಲಿಗೆ ಕೂಗಳತೆಯಲ್ಲಿ. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ ಹೆದ್ದಾರಿಯೂ, ಹೈದರಾಬಾದಿನ ಕಡೆಯಿಂದ ಮಚಲೀಪಟ್ಟಣಕ್ಕೆ ಇಳಿಯುವ ಹೆದ್ದಾರಿಯೂ ಸಂಧಿಸುವ ಸ್ಥಳ ಇದು. ನೆತ್ತಿಯ ಮೇಲೆ ಮೇಲ್ಸೇತುವೆ, ಕೆಳಗೆ ಲಾರಿ, ಆಟೋ, ಬಸ್ಸುಗಳ ಸಂತೆ. ಗುಂಟೂರಿನ ಮೆಣಸಿನಕಾಯಿ, ಕರಾವಳಿಯ ಸಿಗಡಿ, ಇನ್ನೂ ಎಷ್ಟೋ ಸರಕು ಈ ಸೀಮೆಯಿಂದ ಹಡಗು ಹತ್ತಿ ದೇಶಾಂತರಕ್ಕೆ ಹೋಗುತ್ತವೆ. ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಈ ವ್ಯಾಪಾರದಲ್ಲಿ ಕೈಯಾಡಿಸುತ್ತಿರುವವರಿದ್ದಾರೆ. ಹಿಂದೆ ಸರಕು ಸಾಗಿಸುವವರಿಗೆ ದಾರಿಗಳ್ಳರ ಭಯವಿತ್ತು. ಈಗ ಸರಕು ಸುಖವಾಗಿ ದಡ ಸೇರುತ್ತದೆ. ಅದರ ಹಣ ಮಾತ್ರ ನಡುದಾರಿಯಲ್ಲಿ, ಅದೂ ತಂತಿಯೊಳಗೆ, ಮಾಯವಾಗುವುದುಂಟು. ಇದಕ್ಕೆ ಸೈಬರ್ ಅಪರಾಧವೆಂದು ಹೆಸರು. ಹೆಸರು ಕೇಳಿದರೆ ದೊಡ್ಡ ಯಂತ್ರವಿದ್ಯೆಯಂತೆ ತೋರುತ್ತದೆ. ಒಳಗೆ ಹೊಕ್ಕು ನೋಡಿದರೆ ಬಹುಪಾಲು ಕಡೆ ಕಾಣುವುದು ಹಳೆಯ ಕಾಲದ ಸುಳ್ಳು ಕಾಗದವೇ!

ನಮ್ಮ ಬ್ಯಾಂಕಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಚಲೀಪಟ್ಟಣದಲ್ಲಿ 1923ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರು ಸ್ಥಾಪಿಸಿದ ಆಂಧ್ರ ಬ್ಯಾಂಕಿನಲ್ಲಿ ನಮ್ಮ ಸಂಬಳದ ಖಾತೆಯಿತ್ತು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿನಲ್ಲಿ ನಮ್ಮ ಮನೆಯವರ ಖಾತೆಯಿತ್ತು. 2020ರ ಏಪ್ರಿಲ್ 1ರಂದು ಎರಡೂ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದುವು. ಮದುವೆಯಲ್ಲಿ ಒಂದಾಗದಿದ್ದ ಖಾತೆಗಳನ್ನು ಸರಕಾರವೇ ಒಂದು ಮಾಡಿತೆಂದು ನಾವು ನಗೆಯಾಡಿದ್ದೆವು. ಆ ಯೂನಿಯನ್ ಬ್ಯಾಂಕಿಗೆ 2016ರ ಜುಲೈಯಲ್ಲಿ ಒಂದು ಗಂಡಾಂತರ ಬಂದು ಹೋಗಿತ್ತು. ರಿಸರ್ವ್ ಬ್ಯಾಂಕಿನಿಂದ ಬಂದಂತೆ ಕಾಣುತ್ತಿದ್ದ ಒಂದು ಇ-ಮೇಲ್. ಅದರ ಜೊತೆ ಒಂದು ಲಗತ್ತು. ದೊಡ್ಡವರ ಕಾಗದವನ್ನು ತೆರೆಯದೆ ಇರಲಾದೀತೆ? ತೆರೆದಾಯಿತು. ಆ ಕಿಂಡಿಯಿಂದ ಕಳ್ಳರು ಒಳನುಗ್ಗಿ, ದೇಶದಿಂದ ದೇಶಕ್ಕೆ ಹಣದ ಆಜ್ಞೆಗಳನ್ನು ಒಯ್ಯುವ ‘ಸ್ವಿಫ್ಟ್’ ವ್ಯವಸ್ಥೆಯ ಮೂಲಕ 17 ಕೋಟಿ 10 ಲಕ್ಷ ಡಾಲರುಗಳನ್ನು ಹೊರದೇಶಗಳಿಗೆ ಸಾಗಹಾಕಿದರು. ಲೆಕ್ಕ ತಾಳೆ ನೋಡುವಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಕೂಡಲೇ ಬೆನ್ನಟ್ಟಿದ್ದರಿಂದ ಹಣವೆಲ್ಲ ಹಿಂದಿರುಗಿತು. ಗಣಕಯಂತ್ರಗಳೆಲ್ಲ ಸುಮ್ಮನಿದ್ದಾಗ ಬ್ಯಾಂಕನ್ನು ಕಾಪಾಡಿದ್ದು ‘ತಾಳೆ ನೋಡುವುದು’ ಎಂಬ ಗುಮಾಸ್ತೆ ಕೆಲಸ!

ಅದೇ ವರುಷದ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಇಷ್ಟು ಅದೃಷ್ಟವಿರಲಿಲ್ಲ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಅದರ ಹಣವನ್ನು ಬಿಡಿಸಿಕೊಡಬೇಕೆಂದು ಕಳ್ಳರು 35 ಸುಳ್ಳು ಆಜ್ಞೆಗಳನ್ನು ಕಳುಹಿಸಿದರು. ಮೊತ್ತ ಸುಮಾರು 95 ಕೋಟಿ ಡಾಲರು. ಅವರು ಆರಿಸಿಕೊಂಡ ಮುಹೂರ್ತವನ್ನು ಯಾವ ಜೋಯಿಸರೂ ಇಟ್ಟುಕೊಡಲಾರರು. ಗುರುವಾರ ರಾತ್ರಿ ಕೆಲಸ ಆರಂಭ; ಶುಕ್ರವಾರ ಢಾಕಾದಲ್ಲಿ ರಜೆ; ಶನಿವಾರ, ಭಾನುವಾರ ನ್ಯೂಯಾರ್ಕಿನಲ್ಲಿ ರಜೆ; ಸೋಮವಾರ ಹಣ ಹೋಗಿ ಸೇರಿದ ಫಿಲಿಪೀನ್ಸಿನಲ್ಲಿ ಚೀನೀ ಹೊಸ ವರುಷದ ರಜೆ. ಆಜ್ಞೆಗಳನ್ನು ಅಚ್ಚುಮಾಡುವ ಪ್ರಿಂಟರು ಕೆಟ್ಟು ಕೂತಿದ್ದರೂ, ಎಂದಿನ ರಗಳೆಯೆಂದುಕೊಂಡು ಮೊದಲಿಗೆ ಅಲ್ಲಿಯವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 8 ಕೋಟಿ 10 ಲಕ್ಷ ಡಾಲರು ಫಿಲಿಪೀನ್ಸಿಗೆ ಹೋಗಿ, ಅದರಲ್ಲಿ ಬಹುಪಾಲು ಜೂಜುಕಟ್ಟೆಗಳಲ್ಲಿ ಕರಗಿತು.

ಆದರೆ ಇನ್ನೂ 2 ಕೋಟಿ ಡಾಲರು ಶ್ರೀಲಂಕಾದ ಒಂದು ಸಂಸ್ಥೆಗೆ ಹೋಗುವುದರಲ್ಲಿದ್ದು ಉಳಿದುಕೊಂಡಿತು. ಹೇಗೆನ್ನುವಿರೋ? ‘ಫೌಂಡೇಷನ್’ ಎಂದು ಬರೆಯಬೇಕಾದ ಕಡೆ ಕಳ್ಳರು ‘ಫ್ಯಾಂಡೇಷನ್’ ಎಂದು ಬರೆದಿದ್ದರು. ನಡುವೆ ಹಣ ದಾಟಿಸಬೇಕಾಗಿದ್ದ ಡಾಯಿಚ್ ಬ್ಯಾಂಕು, ‘ಇದೇನು? ಖಚಿತಪಡಿಸಿರಿ’ ಎಂದು ತಿರುಗಿ ಕೇಳಿತು. ಒಂದು ಕಾಗುಣಿತದ ತಪ್ಪು, ಒಂದು ಪ್ರಶ್ನೆ, 2 ಕೋಟಿ ಡಾಲರು! ನಮ್ಮ ಶಾಲೆಯ ಕನ್ನಡ ಪಂಡಿತರು ಕಾಗುಣಿತಕ್ಕಾಗಿ ನಮ್ಮ ಕಿವಿ ಹಿಂಡುತ್ತಿದ್ದಾಗ ಅದಕ್ಕೆ ಇಷ್ಟು ಬೆಲೆಯಿದೆಯೆಂದು ನಮಗೆ ಹೊಳೆದಿರಲಿಲ್ಲ.

ಇವು ದೊಡ್ಡವರ ಕಥೆಗಳಾದುವು. ಇನ್ನು ನಾವು ಕಂಡ ಸಣ್ಣ ಕಥೆಗೆ ಬರೋಣ.

ನಮ್ಮ ಪರಿಚಯದ ಸಾಹುಕಾರರೊಬ್ಬರು ಹಾವೇರಿ ಕಡೆಯವರು. ಮೆಣಸಿನಕಾಯಿಯನ್ನು ಹೊರದೇಶಗಳಿಗೆ ಕಳುಹಿಸುತ್ತಾರೆ. ಬೆಂಜ್ ಸರ್ಕಲಿನ ಹತ್ತಿರ ಸಣ್ಣದೊಂದು ಕಚೇರಿ. ಅಲ್ಲಿ ಲೆಕ್ಕ ಬರೆಯುವವನು ಬಳ್ಳಾರಿ ಕಡೆಯ ಹುಡುಗ, ಬಿ.ಕಾಂ. ಓದಿದ್ದಾನೆ, ಮಾತು ಕಡಮೆ. ಕಳೆದ ವರುಷ ಸಾಹುಕಾರರು ದುಬಾಯಿಗೆ ಹೋಗಿದ್ದಾಗ ಹುಡುಗನಿಗೆ ಅವರ ಹೆಸರಿನಲ್ಲಿ ಒಂದು ಇ-ಮೇಲ್ ಬಂತು: ‘ಹಡಗಿನ ಏಜೆಂಟರ ಖಾತೆ ಬದಲಾಗಿದೆ. ಈ ಹೊಸ ಖಾತೆಗೆ ಈಗಲೇ ಹನ್ನೊಂದು ಲಕ್ಷ ಕಟ್ಟು. ನಾನು ಮಾತುಕತೆಯಲ್ಲಿ ಕೂತಿದ್ದೇನೆ, ಫೋನು ಮಾಡಬೇಡ.’ ಸರಕಿನ ಸಂಖ್ಯೆ ಸರಿಯಾಗಿತ್ತು, ಏಜೆಂಟರ ಹೆಸರು ಸರಿಯಾಗಿತ್ತು. ಕಳ್ಳರು ಎಷ್ಟು ದಿನಗಳಿಂದ ಇವರ ಪತ್ರಗಳನ್ನು ಓದುತ್ತ ಕೂತಿದ್ದರೋ! ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ‘ಎಂ’ ಇರಬೇಕಾದ ಕಡೆ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ನಿಂತಿದ್ದುವು. ಕನ್ನಡಕದವರಿಗಿರಲಿ, ಹದಿಹರೆಯದ ಕಣ್ಣಿಗೂ ಅದು ಕಾಣದು. ಹುಡುಗ ಹಣ ಕಟ್ಟಿದ. ಸಾಹುಕಾರರು ಹಿಂದಿರುಗಿದ ಮೇಲೆ, ಮೂರನೆಯ ದಿನ, ಗುಟ್ಟು ಒಡೆಯಿತು. ಪೊಲೀಸರಿಗೂ ಬ್ಯಾಂಕಿಗೂ ದೂರು ಹೋಗುವ ಹೊತ್ತಿಗೆ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಊರು ಬಿಟ್ಟಾಗಿತ್ತು.

ಅಂದಿನಿಂದ ಹುಡುಗನ ಸಂಬಳದಲ್ಲಿ ತಿಂಗಳು ತಿಂಗಳೂ ಕಡಿತ. ಊರಿಗೆ, ತಾಯಿಗೆ, ಕಳುಹಿಸುತ್ತಿದ್ದ ಹಣ ನಿಂತಿದೆ. ನಾವು ಅವನನ್ನು ಮೆಲ್ಲನೆ ಕೇಳಿದೆವು: ‘ಏನಪ್ಪ, ಒಂದು ಸಲ ಫೋನು ಮಾಡಿ ಕೇಳಬಾರದಿತ್ತೆ?’ ಅವನು ನೆಲ ನೋಡುತ್ತ ಹೇಳಿದ: ‘ಅಣ್ಣಾ, ಸಾಹುಕಾರ್ರು ಫೋನ್ ಮಾಡಬ್ಯಾಡ ಅಂದ ಮ್ಯಾಲೆ ಮಾಡೋದು ಹ್ಯಾಂಗ?’

ಸಾಹುಕಾರರು ಕೆಟ್ಟವರಲ್ಲ. ಸಂಘದ ರಾಜ್ಯೋತ್ಸವಕ್ಕೆ ಕೇಳದೆಯೇ ಚಂದಾ ಕೊಡುವವರು. ಒಂದು ಸಂಜೆ ಅವರಲ್ಲಿಗೇ ಹೋಗಿ ಕೇಳಿದೆವು: ‘ಯಜಮಾನರೇ, ತಪ್ಪು ತಿಳಿಯಬಾರದು. ಅವತ್ತು ಹುಡುಗ ನಿಮಗೆ ಫೋನು ಮಾಡಿ, ಇದು ನಿಮ್ಮದೇ ಅಪ್ಪಣೆಯೋ ಎಂದು ಕೇಳಿದ್ದರೆ ನೀವೇನನ್ನುತ್ತಿದ್ದಿರಿ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಪ್ರಾಮಾಣಿಕರಾದ್ದರಿಂದ, ‘ಬೈತಿದ್ದೆ’ ಎಂದರು.

ಕಳ್ಳರಿಗೂ ಅಷ್ಟೇ ಗೊತ್ತಿದ್ದುದು! ಅವರ ಬಂಡವಾಳ ಗಣಕಯಂತ್ರವಲ್ಲ. ಕೈಕೆಳಗಿನವನು ಮೇಲಿನವನಿಗೆ ಹೆದರುವ ಹೆದರಿಕೆ. ‘ತುರ್ತು’, ‘ಗುಟ್ಟು’, ‘ಕೇಳಬೇಡ’ ಎಂಬ ಮೂರು ಮಾತುಗಳೇ ಅವರ ಕಳ್ಳಬೀಗದಕೈ. ಹುಡುಗನ ಕಣ್ಣು ತಪ್ಪಿದ್ದು ನಿಜ. ಆದರೆ ಅವನ ಬಾಯಿ ಕಟ್ಟಿದ್ದವರು ಯಾರು? ಹಣ ಹೋದದ್ದು ಆ ಕಚೇರಿಯ ಪದ್ಧತಿಯಿಂದ. ದಂಡ ಮಾತ್ರ ಅದರಲ್ಲಿ ಎಲ್ಲರಿಗಿಂತ ಚಿಕ್ಕವನ ತಲೆಗೆ. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಸಾಹುಕಾರರು ಈ ಪತ್ರಿಕೆಯನ್ನು ತಪ್ಪದೆ ಓದುವವರು. ನಮ್ಮ ಮೇಲೆ ಕೋಪಿಸಿಕೊಂಡರೂ ಸರಿಯೆ, ಆ ಕಡಿತವನ್ನು ನಿಲ್ಲಿಸಿಯಾರೆಂಬ ಆಸೆ ನಮಗಿದೆ.

ಹುಡುಗ ದಡ್ಡನೆಂದು ಯಾರಾದರೂ ಹೇಳುವುದಾದರೆ, ಅವರು ಹಾಂಗ್‌ಕಾಂಗಿನ ಸಂಗತಿಯನ್ನು ಕೇಳಬೇಕು. 2024ರ ಆರಂಭದಲ್ಲಿ ಅರೂಪ್ ಎಂಬ ಜಗತ್ಪ್ರಸಿದ್ಧ ಎಂಜಿನಿಯರಿಂಗ್ ಸಂಸ್ಥೆಯ ಅಲ್ಲಿನ ನೌಕರರೊಬ್ಬರಿಗೆ ಇಂಥದೇ ಸಂದೇಶ ಬಂತು. ಅವರಿಗೆ ಸಂಶಯವೂ ಬಂತು. ಆದರೆ ವಿಡಿಯೋ ಕರೆಯಲ್ಲಿ ಹಣಕಾಸಿನ ಮುಖ್ಯಾಧಿಕಾರಿಯೂ ಸಹೋದ್ಯೋಗಿಗಳೂ ಕಣ್ಣೆದುರಿಗೆ ಕಾಣಿಸಿ ಮಾತಾಡಿದಾಗ ಸಂಶಯ ಕರಗಿತು. ಅಷ್ಟು ಮುಖಗಳಲ್ಲಿ ನಿಜವಾದದ್ದು ಆ ನೌಕರರದೊಂದೇ! ಉಳಿದವರೆಲ್ಲ ಯಂತ್ರ ಸೃಷ್ಟಿಸಿದ ಮಾಯಾಮಾರೀಚರು. 15 ಕಂತುಗಳಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರು ಹೋಯಿತು. ಇನ್ನು ಮೇಲೆ ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡಬೇಕೆಂದಾಯಿತು.

ಹಾಗಾದರೆ ಸಣ್ಣ ವ್ಯಾಪಾರಿ ಮಾಡಬೇಕಾದದ್ದೇನು? ನಮ್ಮ ಗುಮಾಸ್ತೆ ಬುದ್ಧಿಗೆ ತೋಚಿದ್ದು ಇಷ್ಟು. ಖಾತೆ ಬದಲಾಗಿದೆಯೆಂದು ಪತ್ರ ಬಂದರೆ, ಪತ್ರದಲ್ಲಿ ಬರೆದ ನಂಬರಿಗಲ್ಲ, ಮೊದಲಿನಿಂದ ನಮ್ಮ ಪುಸ್ತಕದಲ್ಲಿರುವ ನಂಬರಿಗೆ ಫೋನು ಮಾಡಿ ಕೇಳಬೇಕು. ನಿಮ್ಮ ಪರದೇಶದ ಗಿರಾಕಿಗೂ, ‘ನಮ್ಮ ಖಾತೆ ಬದಲಾಯಿತೆಂದು ಯಾರು ಬರೆದರೂ ನಮ್ಮನ್ನು ಕೇಳದೆ ಹಣ ಕಳುಹಿಸಬೇಡಿ’ ಎಂದು ಈಗಲೇ ಬರೆದಿಡಬೇಕು. ಇಂತಿಷ್ಟಕ್ಕೆ ಮೀರಿದ ಹಣ ಒಬ್ಬನ ಕೈಯಿಂದ ಹೊರಹೋಗಕೂಡದು. ಒಬ್ಬ ಬರೆದರೆ ಇನ್ನೊಬ್ಬ ರುಜು ಹಾಕಲಿ, ಆ ಇನ್ನೊಬ್ಬರು ಮನೆಯ ಯಜಮಾನಿಯೇ ಆದರೂ ಚಿಂತೆಯಿಲ್ಲ. ಮೋಸವಾಯಿತೆಂದು ತಿಳಿದ ಕೂಡಲೆ, ನಾಚಿಕೆಯನ್ನು ಬದಿಗಿಟ್ಟು, 1930ಕ್ಕೆ ಫೋನು ಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು, ಕಾಗದಕ್ಕೆ ಪ್ರತಿ ತೆಗೆದಿಡುವ ನಮ್ಮ ಕಚೇರಿಯ ಹಳೆಯ ಅಭ್ಯಾಸ. 2017ರ ಜೂನಿನಲ್ಲಿ ಮೇರ್ಸ್ಕ್ ಎಂಬ ಡೆನ್ಮಾರ್ಕಿನ ಹಡಗಿನ ಕಂಪನಿಯ ಗಣಕಯಂತ್ರಗಳನ್ನು ‘ನಾಟ್‌ಪೆಟ್ಯಾ’ ಎಂಬ ಪಿಡುಗು ಲೋಕದಾದ್ಯಂತ ಅಳಿಸಿಹಾಕಿತು. ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅವರು ನಡೆಸುತ್ತಿದ್ದ ಕಟ್ಟೆಯಲ್ಲಿಯೂ ಕೆಲಸ ಕೆಟ್ಟಿತು. ಆಫ್ರಿಕದ ಘಾನಾದಲ್ಲಿ ಆ ಹೊತ್ತಿಗೆ ಕರೆಂಟು ಹೋಗಿದ್ದರಿಂದ ಅಲ್ಲಿನ ಒಂದು ಯಂತ್ರ ಮಾತ್ರ ಉಳಿದುಕೊಂಡಿತ್ತು. ಅದರಲ್ಲಿದ್ದ ಪ್ರತಿಯನ್ನಿಟ್ಟುಕೊಂಡೇ ಅವರು ತಮ್ಮ ಜಾಲವನ್ನು ಮತ್ತೆ ಕಟ್ಟಬೇಕಾಯಿತು. ಕರೆಂಟು ಹೋಗಿ ಉಪಕಾರವಾದದ್ದು ಅಪರೂಪ! ಅದನ್ನು ನೆಚ್ಚಿ ಕೂರುವ ಬದಲು, ಲೆಕ್ಕಪತ್ರಗಳ ಒಂದು ಪ್ರತಿಯನ್ನು ತಂತಿಯ ಸಂಪರ್ಕವಿಲ್ಲದ ಕಡೆ ವಾರವಾರವೂ ತೆಗೆದಿಡುವುದು ಮೇಲು.

ಇವೆಲ್ಲಕ್ಕೂ ಕಾಸಿನ ಖರ್ಚು ಹೆಚ್ಚಿಲ್ಲ. ಖರ್ಚಾಗುವುದು ಯಜಮಾನರ ಗತ್ತು ಮಾತ್ರ. ಆದ್ದರಿಂದ ಅಂಗಡಿ, ಕಚೇರಿ, ಕಾರಖಾನೆಗಳನ್ನು ನಡೆಸುವ ನಮ್ಮ ಹಿರಿಯರಲ್ಲಿ ಒಂದು ವಿಜ್ಞಾಪನೆ. ನಾಳೆ ಬೆಳಗ್ಗೆ ಕೈಕೆಳಗಿನ ಹುಡುಗ ಹುಡುಗಿಯರನ್ನು ಕರೆದು, ‘ನನ್ನ ಹೆಸರಿನಲ್ಲಿ ಯಾವ ಅಪ್ಪಣೆ ಬಂದರೂ ತಿರುಗಿ ನನ್ನನ್ನು ಕೇಳು. ನಡುರಾತ್ರಿಯಾದರೂ ಕೇಳು. ನಾನು ಬೈಯುವುದಿಲ್ಲ’ ಎಂದು ಹೇಳಿರಿ. ಹೇಳಿದ ಮೇಲೆ, ಅವರು ನಿಜವಾಗಿಯೂ ನಡುರಾತ್ರಿಯಲ್ಲಿ ಫೋನು ಮಾಡಿದಾಗ, ದಯವಿಟ್ಟು ಬೈಯಬೇಡಿರಿ.