ಕಟಕೋಳ ಡೈರಿ 7: ಚೀಟಿ ಎತ್ತಿದ್ದೇನ?

ಫೋಟೋದಾಗ ಕಾಣೋದು ನಮ್ಮ ಎರಿ ಹೊಲ. ಹೋದ ವರ್ಷ ಇದರ ಬಗ್ಗೆ ಪ್ರಾಜೆಕ್ಟ್ ರಿಪೋರ್ಟಿನಾಗ ಒಂದು ಸುಳ್ಳು ಬರೆದಿದ್ದೆ. ಬೇಕಂತ ಅಲ್ಲ, ಒಂದು ಇಂಗ್ಲಿಷ್ ಶಬ್ದ ಸರಿಯಾಗಿ ಗೊತ್ತಿರಲಿಲ್ಲ.

ಬಿಳಿಜೋಳದ 8 ಪ್ಲಾಟ್ ಮಾಡಿದ್ದೆ. 4ಕ್ಕೆ ಎರೆಹುಳ ಗೊಬ್ಬರ, ಉಳಿದ 4ಕ್ಕೆ ಏನೂ ಇಲ್ಲ. ಯಾವ 4? ಬದುವಿನ ಮ್ಯಾಲೆ ನಿಂತು ಮನಸಿಗೆ ಬಂದದ್ದನ್ನ ಆರಿಸಿದೆ. ರಿಪೋರ್ಟಿನಲ್ಲಿ ಬರೆದದ್ದು: "ಐ ರ‍್ಯಾಂಡಮ್ಲಿ ಅಸೈನ್ಡ್ ದ ಪ್ಲಾಟ್ಸ್." ನಾವು "ರ‍್ಯಾಂಡಮ್ ಆಗಿ ಒಂದು ಫೋಟೋ ಹಾಕಿದೆ" ಅಂತೀವಲ್ಲ, ಹಂಗ.

ಸರ್ ಓದಿ ಕೇಳಿದ್ರು: "ಚೀಟಿ ಎತ್ತಿದ್ದೇನ?"

"ಇಲ್ರಿ ಸರ್."

"ಹಂಗಾದ್ರ ಆ ಶಬ್ದ ತಗಿ."

ಆಮೇಲೆ ಹೊಲಕ್ಕ ಹೋಗಿ ನೋಡಿದೆ. ನಾನು ಆರಿಸಿದ 4ರಲ್ಲಿ 3 ತಗ್ಗಿನ ಕಡೆ ಇದ್ವು, ಹಸಿ ಹೆಚ್ಚು ಹಿಡಿಯೋ ಮಣ್ಣು. ಅಲ್ಲಿ ತೆನಿ ಛಲೋ ಬಂದದ್ದು ಗೊಬ್ಬರದಿಂದನೋ, ಮಣ್ಣಿಂದನೋ? ಹೇಳಾಕ ಆಗೂದಿಲ್ಲ. ಅಪ್ಪ ನನ್ನ ಮಾತು ನಂಬಿ ಇಡೀ ಹೊಲಕ್ಕ ಗೊಬ್ಬರ ತರಿಸೋನಿದ್ದ. ಬ್ಯಾಡಪ್ಪಾ ಅಂತ ಹೇಳುವಾಗ ನಾಚಿಕೆ ಆತು.

ಈ ಮಾತು ಹುಟ್ಟಿದ್ದೇ ಹೊಲದಾಗ ಅಂದ್ರೂ ನಡೀತೈತಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಆರ್. ಎ. ಫಿಶರ್, ಯಾವ ಪ್ಲಾಟಿಗೆ ಏನು ಅನ್ನೋದನ್ನ ಅದೃಷ್ಟಕ್ಕೇ ಬಿಡಬೇಕು ಅಂತ 1926ರ ಲೇಖನದಲ್ಲಿ, ಮತ್ತೆ 1935ರ ಪುಸ್ತಕದಲ್ಲಿ ಬರೆದರು. ಒಂದು ಕಾರಣ: ನಮಗ ಗೊತ್ತಿಲ್ಲದಂಗ ನಮ್ಮ ಕೈ ಛಲೋ ಕಡೆಗೇ ಹೋಗಬಹುದು.

ಚೀನಿ ಭಾಷೆಯಲ್ಲಿ ಇದಕ್ಕ ಎರಡು ಬ್ಯಾರೆ ಶಬ್ದ ಅದಾವ. 'ಸುಯ್‌ಜಿ' ಅಂದ್ರ ಅದೃಷ್ಟಕ್ಕೆ ಬಿಟ್ಟದ್ದು, 'ಸುಯ್‌ಬ್ಯೆನ್' ಅಂದ್ರ ಮನಸಿಗೆ ಬಂದಂಗ. ನಾವು ಎರಡಕ್ಕೂ 'ರ‍್ಯಾಂಡಮ್' ಅಂತೀವಿ, ಅಲ್ಲೇ ಎಡವತೀವಿ. ಆದ್ರ ಅವರೂ ನಾವೂ ಇಬ್ಬರೂ ಎಡವೋ ಜಾಗ ಒಂದೈತಿ: 'ವಾಸ್' ಬಿಡೋದು. "ಐ ರ‍್ಯಾಂಡಮ್ಲಿ ಅಸೈನ್ಡ್" ಅಂದ್ರ ಹಂಚಿದವ ನೀನು. ನಿನಗ ಬಿ ಗ್ರೂಪ್ ಬಂದಿದ್ರ "ಐ ವಾಸ್ ರ‍್ಯಾಂಡಮ್ಲಿ ಅಸೈನ್ಡ್ ಟು ಗ್ರೂಪ್ ಬಿ" ಅನ್ನು. ಚೀಟಿ ಎತ್ತದೇ ಇದ್ರ 'ರ‍್ಯಾಂಡಮ್ಲಿ' ಬಿಟ್ಟು ಬರಿ. ಮಾರ್ಕ್ಸ್ ಹೋದ್ರ ಹೋಗ್ಲಿ. ನನ್ನವೂ ಹೋದ್ವು.

ಈ ಹಿಂಗಾರಿಗೆ 8 ಚೀಟಿ ಬರೆದು ಡಬ್ಬಿಯೊಳಗ ಹಾಕಿ, ತಂಗಿ ಕಡೆಯಿಂದ ಎತ್ತಿಸಿದೆ.

ಅಪ್ಪ ನೋಡಿ ಅಂದ: "ಅಲ್ಲೋ ತಮ್ಮಾ, ತಗ್ಗಿನ್ಯಾಗಿನ ಛಲೋ ಮಣ್ಣಿಗೇ ಗೊಬ್ಬರ ಇಲ್ಲಲ್ಲೋ?"

"ಚೀಟಿಯೊಳಗ ಹಂಗ ಬಂತಪ್ಪಾ."

ಸುಗ್ಗಿ ಆದ ಮ್ಯಾಲೆ ಏನು ಬಂತು ಅಂತ ಇಲ್ಲೇ ಬರೀತೀನಿ, ಹೆಂಗ ಬಂದೈತೋ ಹಂಗ.