ಮ್ತ್ವಾರದ ಹರಾಜುಕಟ್ಟೆ

ಕನ್ನಡ ಕರಾವಳಿಯ ಗೇರುಬೀಜದ ಕಾರ್ಖಾನೆಗಳು ಊರ ಫಸಲೊಂದನ್ನೇ ನಂಬಿದರೆ ವರ್ಷದ ಬಹುಭಾಗ ಬಾಗಿಲಿಕ್ಕಿಕೊಂಡು ಕೂರಬೇಕಾದೀತೆಂಬುದು ನಮ್ಮ ಕಡೆಯವರಿಗೆ ಹೊಸ ಸಂಗತಿಯಲ್ಲ. ನಮ್ಮ ಗುಡ್ಡಗಳಲ್ಲಿ ಗೇರು ಹಣ್ಣಾಗುವುದು ಬೇಸಗೆಯಲ್ಲಿ. ಭೂಮಧ್ಯರೇಖೆಯ ಆಚೆಗಿರುವ ಟಾಂಜಾನಿಯದ ದಕ್ಷಿಣ ತೀರದಲ್ಲಿಯಾದರೋ ಅಕ್ಟೋಬರಿನಿಂದ ಜನವರಿಯವರೆಗೆ. ಆದುದರಿಂದ ನಮ್ಮ ಗೋದಾಮುಗಳು ಬರಿದಾಗುತ್ತ ಬರುವ ಹೊತ್ತಿಗೆ ಅವರವು ತುಂಬತೊಡಗುತ್ತವೆ. ಪ್ರಕೃತಿಯ ಈ ಅನುಕೂಲವೇ ಕಾರ್ಕಳದ ಬಳಿಯ ಸಣ್ಣ ಕಾರ್ಖಾನೆಯೊಂದರ ಪಾಲುದಾರನಾದ ನನ್ನನ್ನು 2018ರ ಅಕ್ಟೋಬರಿನಲ್ಲಿ ದಾರ್ ಎಸ್ ಸಲಾಮಿಗೆ ಕರೆದೊಯ್ದಿತು.

ಅಲ್ಲಿಂದ ದಕ್ಷಿಣ ತೀರದ ಬಂದರು ಪಟ್ಟಣವಾದ ಮ್ತ್ವಾರಕ್ಕೆ 500 ಕಿಲೋಮೀಟರಿಗೂ ಮಿಕ್ಕ ದಾರಿ. 2003ರಲ್ಲಿ ರುಫಿಜಿ ನದಿಗೆ ಸೇತುವೆಯಾಗುವ ತನಕ ಮಳೆಗಾಲ ಬಂತೆಂದರೆ ಈ ದಕ್ಷಿಣ ಸೀಮೆಗೆ ನೆಲಮಾರ್ಗದ ಸಂಪರ್ಕವೇ ದುಸ್ತರವಾಗಿತ್ತಂತೆ. ನಡುವೆ ಕಿಲ್ವಾದ ಕಡೆಗೊಂದು ಕವಲು. 1331ರಲ್ಲಿ ಆ ದ್ವೀಪನಗರಿಯನ್ನು ಕಂಡು ಹೊಗಳಿದ ಇಬ್ನ್ ಬತೂತನೇ ತರುವಾಯ ಹೊನ್ನಾವರ ಮಂಗಳೂರುಗಳಿಗೂ ಬಂದವನೆಂಬುದು ನೆನಪಾದಾಗ, ಹೊಸ ಮಾರುಕಟ್ಟೆಯನ್ನು ಅರಸಿ ಹೊರಟವನೆಂಬ ನನ್ನ ಹೆಮ್ಮೆ ಕೊಂಚ ಕುಗ್ಗಿತು. ಗೇರುಮರವಂತೂ ಎರಡು ದಡಗಳಿಗೂ ಪರದೇಶಿ. ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು.

ಮ್ತ್ವಾರದ ಆಳವಾದ ಬಂದರಿಗೂ ಒಂದು ಕಥೆಯುಂಟು. ಎರಡನೆಯ ಮಹಾಯುದ್ಧದ ಬಳಿಕ ಎಣ್ಣೆ ಕೊಬ್ಬುಗಳಿಗೆ ತತ್ವಾರಪಟ್ಟ ಬ್ರಿಟನ್, ಈ ನಾಡಿನ ಕಾಡು ಕಡಿದು ನೆಲಗಡಲೆ ಬೆಳೆಯುವುದಾಗಿ 1947ರಲ್ಲಿ ಮಹೋದ್ಯಮವೊಂದನ್ನು ಆರಂಭಿಸಿ, ಸುಮಾರು 3.6 ಕೋಟಿ ಪೌಂಡು ಸುರಿದು, ಬಿಸಿಲಿಗೆ ಇಟ್ಟಿಗೆಯಂತಾಗುವ ಮಣ್ಣಿನ ಗುಣವನ್ನಾಗಲಿ ಮಳೆಯ ಲೆಕ್ಕವನ್ನಾಗಲಿ ಮೊದಲೇ ವಿಚಾರಿಸದೆ ಹೋದುದರಿಂದ 1951ರಲ್ಲಿ ಎಲ್ಲವನ್ನೂ ಕೈಬಿಟ್ಟಿತು. ಆ ಕಡಲೆಗಾಗಿ ಕಟ್ಟಿದ ಬಂದರಿನಿಂದ ಇಂದು ಗೇರುಬೀಜ ಹಡಗೇರುತ್ತದೆ.

ನಮ್ಮ ಏಜೆಂಟರು ಮ್ತ್ವಾರದಲ್ಲಿಯೇ ಹುಟ್ಟಿದ ಗುಜರಾತಿ ಮನೆತನದ ವೃದ್ಧರು. “ದರದ ಮಾತು ನಾಳೆಗಿರಲಿ ಭಾಯಿ, ಇಂದು ಹಿರಿಯರನ್ನು ಕಂಡು ಬರೋಣ,” ಎಂದು ನನ್ನನ್ನು ತಂಡಾಹಿಂಬದ ಹಳ್ಳಿಗಳಿಗೆ ಕರೆದುಕೊಂಡು ಹೋದರು. ಸಹಕಾರ ಸಂಘದ ಕಾರ್ಯದರ್ಶಿಗೆ, ಆತನ ತಂದೆಗೆ, ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಗೆ, ಕಿರಿಯನಾದ ನಾನು “ಶಿಕಾಮೊ” ಎನ್ನಬೇಕು. ಅವರು “ಮರಹಾಬಾ” ಎಂದು ಸ್ವೀಕರಿಸಬೇಕು. ಆಮೇಲೆ ಮನೆಯ ಕ್ಷೇಮ, ಮಕ್ಕಳ ಕ್ಷೇಮ, ಪ್ರಯಾಣದ ಸುಖದುಃಖ. ಇದನ್ನೆಲ್ಲ ಕಾಲಹರಣವೆಂದು ಗೊಣಗುವ ನಮ್ಮ ವರ್ತಕರನ್ನು ನಾನು ಬಲ್ಲೆ. ಮದುವೆಯ ಮನೆಗೆ ಸಾಲ ಕೇಳಲು ಹೋದರೂ ಊಟ ಮುಗಿಯುವವರೆಗೆ ಬಾಯಿ ಬಿಡದ ನಾವೇ ಹಾಗೆನ್ನುವುದು ವಿಚಿತ್ರ.

ಅಲ್ಲಿಯ ಜನಕ್ಕೆ ಕೊಳ್ಳಲು ಬಂದ ಪರಕೀಯನ ಮೇಲಿರುವ ಸಂಶಯಕ್ಕೆ ಬಲವಾದ ಕಾರಣಗಳಿವೆ. 1970ರ ದಶಕದಲ್ಲಿ ಸರಕಾರ ಚದುರಿದ ರೈತರನ್ನು ಹೊಸ ಗ್ರಾಮಗಳಿಗೆ ಒಟ್ಟುಗೂಡಿಸಿದಾಗ ಮರಗಳು ದೂರವಾದುವು. ಅದರ ಮೇಲೆ ಬೂದಿರೋಗ ಎರಗಿ ಫಸಲು ನೆಲಕಚ್ಚಿತು. ರೋಗಕ್ಕೆ ಮದ್ದು ಗಂಧಕದ ಪುಡಿ. ಅದನ್ನು ದೂಳಿಸಬೇಕಾದುದು ಹೂ ಬಿಡುವ ಹೊತ್ತಿನಲ್ಲಿ, ರೈತನ ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ. ಆಗ ಮುಂಗಡ ಕೊಟ್ಟು ಮರದ ಮೇಲಿರುವ ಬೀಜವನ್ನೇ ಅಗ್ಗಕ್ಕೆ ಬರೆಸಿಕೊಳ್ಳುವ ಸಾಹುಕಾರಿಕೆಗೆ ‘ಕಂಗೊಂಬ’ ಎನ್ನುತ್ತಾರೆ. ಅದನ್ನು ತಡೆಯಲೆಂದೇ 2007ರಿಂದ ಬೀಜವೆಲ್ಲ ಗ್ರಾಮಸಂಘದ ಮೂಲಕ ಗೋದಾಮು ಸೇರಿ, ಹರಾಜಿನಲ್ಲಿ ಮಾತ್ರ ಮಾರಾಟವಾಗುವ ಕ್ರಮ ಬಂದದ್ದು. ನಾವು ಬೀಜ ಕತ್ತರಿಸಿ ನೋಡಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡು ತಿರುಳೆಂಬ ‘ಔಟ್‌ಟರ್ನ್’ ಒಂದನ್ನೇ ಗುಣಿಸುತ್ತ ಕುಳಿತರೆ ಈ ಪೂರ್ವವೃತ್ತಾಂತವೆಲ್ಲ ನಮ್ಮ ಲೆಕ್ಕದಿಂದ ಜಾರಿಹೋಗುತ್ತದೆ.

ಹರಾಜಿನ ದಿನ ಬಯಲಿನಲ್ಲಿ ರೈತರು ಗುಂಪುಗೂಡಿದ್ದರು, ಹೆಂಗಸರೂ ಬಹಳವಿದ್ದರು. ಮೊಹರು ಮಾಡಿದ ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದೊಂದಾಗಿ ಗಟ್ಟಿಯಾಗಿ ಓದಿದರು. ನಮ್ಮದೂ ಅದರಲ್ಲಿತ್ತು. ಹಿಂದಿನ ವರ್ಷ ಕಿಲೋವಿಗೆ 4,000 ಷಿಲಿಂಗಿನ ಸುತ್ತ ಕಂಡಿದ್ದ ಜನಕ್ಕೆ, ಜಗತ್ತಿನ ಪೇಟೆಯೇ ಇಳಿದಿದ್ದ ಆ ವರ್ಷ, 3,000ವನ್ನೂ ಮುಟ್ಟದ ದರಗಳು ಕೇಳಿಬಂದುವು. ಒಪ್ಪಿಗೆಯಿಲ್ಲವೆಂಬ ಕೂಗು ಒಮ್ಮೆಗೇ ಎದ್ದಿತು. ಕೊಳ್ಳಲು ಬಂದವರಲ್ಲಿ ಹಲವರು ಒಡನೆಯೇ ಕಾರು ಹತ್ತಿದರು. ಏಜೆಂಟರು ನನ್ನ ತೋಳು ಹಿಡಿದು ನಿಲ್ಲಿಸಿ, ಕಾರ್ಯದರ್ಶಿಯ ಮನೆಯಲ್ಲಿ ಮುದ್ದೆಯಂಥ ಉಗಾಲಿಯೂ ಮೀನೂ ಉಣ್ಣಿಸಿದರು. ಆ ಊಟದಲ್ಲಿ ಯಾರೂ ನನ್ನ ಮೇಲೆ ಕೋಪ ತೋರಲಿಲ್ಲ, ಮುಂದಿನ ಹೂವಿನ ಕಾಲಕ್ಕೆ ಗಂಧಕದ ಬೆಲೆ ಏನಾದೀತೆಂಬುದೇ ಮಾತು.

ನವೆಂಬರಿನಲ್ಲಿ ಅಧ್ಯಕ್ಷ ಮಗುಫುಲಿ ಇಡೀ ಫಸಲನ್ನು ಕಿಲೋವಿಗೆ 3,300 ಷಿಲಿಂಗಿನಂತೆ ಸರಕಾರವೇ ಕೊಳ್ಳುವುದೆಂದು ಸಾರಿ, ಸಾಗಣೆಗೆ ಸೈನ್ಯವನ್ನೇ ಕಳುಹಿಸಿದರು. ಬರಿಗೈಯಲ್ಲಿ ಮರಳಿದ ನಾನು ಕಾರ್ಕಳದಲ್ಲಿ ಪಾಲುದಾರರನ್ನು ಸೇರಿಸಿ, ಇನ್ನು ಹರಾಜಿನ ಕಾಲಕ್ಕಲ್ಲ, ಜೂನಿನಲ್ಲಿ, ಗಂಧಕ ಹೊಡೆಯುವಾಗಲೇ ಅಲ್ಲಿಗೆ ಹೋಗತಕ್ಕದ್ದೆಂದು ಸವಿಸ್ತಾರವಾಗಿ ನಿವೇದಿಸಿದೆನು. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ವಿಮಾನದ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯುವುದೆಂದು ವಿಚಾರಿಸಿದರು.